ಹೋಟೆಲ್ ಕಡಾಯಿಯ ಎಣ್ಣೆಯ ಬಗ್ಗೆಯೂ ಮಾತಾಡೋಣ

ಮಾನ್ಯ ಸಂಪಾದಕರೇ,

ತೆಂಗಿನೆಣ್ಣೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ನಮ್ಮ ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮುಗಿಯುವುದೇ ಇಲ್ಲ. ಅದರಲ್ಲಿ ಹೆಚ್ಚುಕಡಿಮೆ ಶೇ 90ರಷ್ಟು ಸ್ಯಾಚುರೇಟೆಡ್ ಕೊಬ್ಬು ಇದೆ. ಜಾಸ್ತಿ ತಿಂದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಹಾಗಂತ ಒಗ್ಗರಣೆಗೆ ಒಂದು ಚಮಚ ಹಾಕಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ನನ್ನ ಚಿಂತೆ ಮನೆಯ ಎಣ್ಣೆಯದ್ದಲ್ಲ, ಹೋಟೆಲಿನದ್ದು.

ಇಲ್ಲಿನ ಉಡುಪಿ ಹೋಟೆಲುಗಳ ಗಲ್ಲಾದಲ್ಲಿ ಬಹಳ ವರ್ಷ ಕೂತವನು ನಾನು. ಬೆಳಿಗ್ಗೆ ಮೆದುವಡೆ ಕರಿದ ಎಣ್ಣೆಯಲ್ಲೇ ಮಧ್ಯಾಹ್ನ ಪೂರಿ, ಸಂಜೆ ಬಟಾಟೆವಡೆ. ಇಳಿದಾಗ ಮೇಲಿಂದ ಒಂದಿಷ್ಟು ಹೊಸದು ಸುರಿದರಾಯಿತು. ಎಲ್ಲರೂ ಹೀಗಲ್ಲ, ಆದರೆ ಎಣ್ಣೆ ಕಪ್ಪಾಗಿ ನೊರೆ ಬರುವ ತನಕ ಬಿಡದ ಅಡುಗೆಮನೆಗಳನ್ನು ಕಂಡಿದ್ದೇನೆ. ಆ ಕಪ್ಪು ಎಣ್ಣೆ ಆಮೇಲೆ ಡಬ್ಬ ತುಂಬಿ ಗಾಡಿಯವರಿಗೆ ಅಗ್ಗಕ್ಕೆ ಹೋಗುವುದನ್ನೂ ಕಂಡಿದ್ದೇನೆ. ಸ್ಟೇಷನ್ ಹೊರಗೆ ಅದರಲ್ಲೇ ಕರಿದ ವಡಾಪಾವ್ ತಿನ್ನುವವರು ನಮ್ಮ ಮಕ್ಕಳೇ ಅಲ್ವಾ?

ಪದೇ ಪದೇ ಕಾಯಿಸಿದ ಎಣ್ಣೆ ಒಡೆದು ಅದರಲ್ಲಿ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಹಾಳಾದಾಗ ಹುಟ್ಟುವ ಅಂಶಗಳು ಹೆಚ್ಚುತ್ತವೆ. ಇವು ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಎಂಬ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ 2018ರ ಜುಲೈಯಿಂದಲೇ ಇದೆ. ಕರಿಯಲು ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಬಳಸುವವರು ಅದರ ಲೆಕ್ಕ ಇಡಬೇಕು. ಹಳೆ ಎಣ್ಣೆಯಿಂದ ಬಯೋಡೀಸೆಲ್ ಮಾಡಿಸುವ 'ರುಕೋ' ಯೋಜನೆ ಬಂದದ್ದೂ ಅದೇ ವರ್ಷ. ಇನ್ನು ವನಸ್ಪತಿ, ಅಂದರೆ ಡಾಲ್ಡಾ ತರದ ಗಟ್ಟಿ ಮಾಡಿದ ಎಣ್ಣೆ. ಅದರಲ್ಲಿ ಬರುವ ಟ್ರಾನ್ಸ್‌ಫ್ಯಾಟ್ ಎಂಬ ಕೊಬ್ಬು ಎಲ್‌ಡಿಎಲ್ ಏರಿಸುವುದಲ್ಲದೆ ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್ ಅನ್ನು ಇಳಿಸುತ್ತದೆ. 2022ರಿಂದ ಎಣ್ಣೆ-ಕೊಬ್ಬಿನಲ್ಲಿ ಟ್ರಾನ್ಸ್‌ಫ್ಯಾಟ್‌ಗೆ ಶೇ 2ರ ಮಿತಿ ಹಾಕಿದ್ದಾರೆ. ಪ್ಯಾಕೆಟ್ ತಿಂಡಿಯಾದರೆ ತಿರುಗಿಸಿ ಓದಬಹುದು. ತಟ್ಟೆಗೆ ಬಂದ ವಡೆಯಲ್ಲಿ ಏನು ಓದುವುದು? (ಪ್ಯಾಕೆಟ್ ಓದುವವರಿಗೂ ಒಂದು ಮಾತು: ಕಡಲೆಕಾಯಿ ಎಣ್ಣೆಯ ಮೇಲೆ 'ಕೊಲೆಸ್ಟ್ರಾಲ್ ಮುಕ್ತ' ಎಂದು ಬರೆಯುವುದು ಸುಮ್ನೆ ಗಿಮಿಕ್. ಗಿಡದ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇರುವುದೇ ಇಲ್ಲ.)

ಎಣ್ಣೆ ದುಬಾರಿ ಎಂಬ ಮಾಲೀಕರ ಗೋಳು ಸುಳ್ಳಲ್ಲ. ಆದರೆ ಅಗಲದ ಕಡಾಯಿ ಬಿಟ್ಟು ಚಿಕ್ಕದು ಇಡಬಹುದು. ಗಿರಾಕಿ ಇಲ್ಲದ ಹೊತ್ತಲ್ಲಿ ಬೆಂಕಿ ಆರಿಸಬಹುದು. ತಳದಲ್ಲಿ ಕೂತ ಕರಕಲನ್ನು ದಿನಾ ಸೋಸಬಹುದು. ಎಣ್ಣೆ ಇನ್ನೂ ನಡೆಯುತ್ತದೋ ಇಲ್ಲವೋ ಎಂದು ತೋರಿಸುವ ಮೀಟರ್ ಸಿಗುತ್ತದೆ. ಒಂದೊಂದು ಹೋಟೆಲಿಗೆ ಅದು ಭಾರವಾದರೆ ನಾಲ್ಕೈದು ಜನ ಸೇರಿ ಒಂದು ತರಲಿ. ಹಳೆ ಎಣ್ಣೆಯನ್ನು ಅನುಮತಿ ಇದ್ದವರಿಗೆ ಮಾತ್ರ ಕೊಡಲಿ.

ಈ ನಗರದ ಹೋಟೆಲ್ ಉದ್ಯಮದಲ್ಲಿ ನಮ್ಮವರ ಮಾತಿಗೆ ಬೆಲೆ ಇದೆ. ನಮ್ಮ ಸಂಘಗಳೂ ಹೃದಯ ತಪಾಸಣೆ ಶಿಬಿರ ಇಡುತ್ತವೆ, ಕೊನೆಗೆ ಬಂದವರಿಗೆಲ್ಲ ಬೋಂಡ ಹಂಚುತ್ತವೆ. ಇರಲಿ. ಹಳೆ ಎಣ್ಣೆ ಎಲ್ಲಿಗೆ ಹೋಗುತ್ತಿದೆ ಎಂದು ಹೋಟೆಲ್ ಮಾಲೀಕರ ಸಂಘಟನೆಗಳನ್ನು ನಿಮ್ಮ ಪತ್ರಿಕೆ ಕೇಳಲಿ, ಅವರು ಕೊಟ್ಟ ಉತ್ತರವನ್ನು ಇದೇ ಪುಟದಲ್ಲಿ ಹಾಕಲಿ.

ನಿವೃತ್ತ ಹೋಟೆಲ್ ಮ್ಯಾನೇಜರ್,
ಡೊಂಬಿವಲಿ