24 ಗಂಟೆಯಲ್ಲಿ ಗಟ್ಟಿಯಾಗದ ರೈಫಲ್ ಲೇಪನ: ತಯಾರಕರಿಗೆ ಒಂದು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಬಂದೂಕಿನ ಸ್ಪ್ರೇ ಲೇಪನದ ಡಬ್ಬಿಯ ಮೇಲಿನ ತಪ್ಪು ಸೂಚನೆ ಹಾಗೂ ಸಹಾಯವಾಣಿ ನೀಡಿದ ಅಪಾಯಕಾರಿ ಸಲಹೆ.

ನಿಮ್ಮ ಎಪಾಕ್ಸಿ (ಗಟ್ಟಿಯಾಗುವ ರಾಳ) ಸ್ಪ್ರೇಯನ್ನು ನನ್ನ ಬೋಲ್ಟ್ ಆಕ್ಷನ್ (ಬೋಲ್ಟನ್ನು ಕೈಯಿಂದ ಎಳೆದು ಗುಂಡು ತುಂಬುವ) ರೈಫಲ್‌ಗೆ ಮನೆಯಲ್ಲೇ ಹೊಡೆದಿದ್ದೆ. ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ 'ಓವನ್‌ನಲ್ಲಿ ಕಾಯಿಸಬೇಕಿಲ್ಲ, 24 ಗಂಟೆಯಲ್ಲಿ ಬಳಕೆಗೆ ಸಿದ್ಧ' ಎಂದಿದೆ. ಆ ಅವಧಿ ಕಳೆದ ಮೇಲೆ ನಳಿಗೆಯ ಒಳಭಾಗವನ್ನು ದ್ರಾವಕ ಹಾಕಿ ಶುಚಿಗೊಳಿಸುತ್ತಿದ್ದಾಗ, ನಳಿಗೆಯ ಬಾಯಿಂದ ಒಂದೆರಡು ಹನಿ ಹೊರಗೆ ಜಾರಿತು. ಬಟ್ಟೆಯಿಂದ ಒರೆಸಿದರೆ ಬಟ್ಟೆ ಕಪ್ಪಾಯಿತು. ಹನಿ ಹರಿದ ದಾರಿಯುದ್ದಕ್ಕೂ ಲೇಪನ ಒದ್ದೆ ಕಾಗದದಂತೆ ಸುಕ್ಕುಗಟ್ಟಿ ಎದ್ದಿತು. ಬೋಲ್ಟ್ ಹಿಡಿಕೆಯ ಬುಡದಲ್ಲಿ ಹೆಬ್ಬೆರಳು ಒತ್ತಿದರೆ ಉಗುರಿನ ಗುರುತು ಹಾಗೆಯೇ ಉಳಿಯುತ್ತಿತ್ತು.

ದೂರು ಕೊಟ್ಟಾಗ ನಿಮ್ಮ ಕಡೆಯಿಂದ ಬಂದದ್ದು ಒಂದೇ ಸಾಲಿನ ಉತ್ತರ: 'ಮೇಲ್ಮೈಯನ್ನು ಸರಿಯಾಗಿ ಸಿದ್ಧಪಡಿಸಿಲ್ಲ.' ಇದನ್ನು ನಾನು ಒಪ್ಪುವುದಿಲ್ಲ. ರೈಫಲ್ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು ಪೂರ್ತಿ ಬಿಚ್ಚಿದ್ದೆ. ಮರದ ಹಿಡಿ, ದೂರದರ್ಶಕ, ಟ್ರಿಗರ್ ಜೋಡಣೆ ಎಲ್ಲವನ್ನೂ ಪಕ್ಕಕ್ಕಿಟ್ಟು, ನಳಿಗೆಯ ಎರಡೂ ತುದಿಗೆ ಬಿರಡೆ ಹಾಕಿದ್ದೆ. ಹಳೆಯ ಬ್ಲೂಯಿಂಗ್ (ತುಕ್ಕು ತಡೆಯಲು ಉಕ್ಕಿಗೆ ಕೊಡುವ ಕಪ್ಪು-ನೀಲಿ ಪದರ) ತೆಗೆದು, ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಗಾಳಿಯ ಒತ್ತಡದಿಂದ ಚಿಮ್ಮಿಸಿ (ಬ್ಲಾಸ್ಟಿಂಗ್) ಉಕ್ಕನ್ನು ಒರಟಾಗಿಸಿ, ಅಸಿಟೋನ್‌ನಿಂದ ತೊಳೆದ ನಂತರ ಕೈಗವಸಿಲ್ಲದೆ ಮುಟ್ಟಲೂ ಇಲ್ಲ.

ಜಿಡ್ಡು ಉಳಿದ ಮೇಲ್ಮೈಯಿಂದ ಲೇಪನ ಬಿಡುವ ರೀತಿಯೇ ಬೇರೆ. ಆಗ ಅದು ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಕೆಳಗೆ ಲೋಹ ಬರಿದಾಗಿ ಕಾಣುತ್ತದೆ, ಎದ್ದ ಚಕ್ಕೆ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ನನ್ನ ರೈಫಲ್‌ನಲ್ಲಿ ಲೇಪನವು ಮೇಲಿನಿಂದ ತಳದವರೆಗೂ ಮೆತ್ತಗಾಗಿ, ಲೋಹಕ್ಕೆ ಅಂಟಂಟಾಗಿ ಕಚ್ಚಿಕೊಂಡಿತ್ತು. ಅಂದರೆ ಹಿಡಿತ ಇತ್ತು, ಗಟ್ಟಿತನ ಬಂದಿರಲಿಲ್ಲ. ಅದೇ ಹೊತ್ತಿನಲ್ಲಿ, ಅದೇ ಡಬ್ಬಿಯಿಂದ ಒಂದು ಉಕ್ಕಿನ ತುಂಡಿಗೂ ಹೊಡೆದಿಟ್ಟಿದ್ದೆ. 24 ಗಂಟೆಗೆ ಅದೂ ದ್ರಾವಕಕ್ಕೆ ಕರಗಿತು. ಅದರ ಉಳಿದರ್ಧವನ್ನು ಕೆಲವು ವಾರ ಬೆಚ್ಚಗಿನ ಜಾಗದಲ್ಲಿ ಬಿಟ್ಟು, ಅದೇ ದ್ರಾವಕದಿಂದ ಉಜ್ಜಿದರೆ ಬಣ್ಣ ಕೂಡ ಬಿಡಲಿಲ್ಲ.

ಆದ್ದರಿಂದ ನನ್ನ ದೂರು ಲೇಪನದ ಗುಣಮಟ್ಟದ ಮೇಲಲ್ಲ, ಅದು ಒಳ್ಳೆಯದೇ. ಡಬ್ಬಿಯ ಮೇಲಿನ ಮಾತು ಸುಳ್ಳು. ದ್ರಾವಕ ಆರಿ ಕೈಗೆ ಅಂಟದಿರುವುದು ಒಂದು ಹಂತ. ರಾಳದ ಅಣುಗಳು ಪರಸ್ಪರ ಹೆಣೆದುಕೊಂಡು ಎಣ್ಣೆ, ದ್ರಾವಕಗಳನ್ನು ತಡೆಯುವಷ್ಟು ಗಟ್ಟಿಯಾಗುವುದು ಇನ್ನೊಂದು. ವಾತಾವರಣ ತಂಪಾದಷ್ಟೂ ಎರಡನೆಯದು ನಿಧಾನ. ಇದನ್ನು ತಯಾರಿಸುವ ನಿಮಗೆ ಇದು ತಿಳಿಯದ ವಿಷಯವಲ್ಲ. ಆದರೂ ಮೊದಲ ಹಂತದ ಸಮಯವನ್ನು ಎರಡನೆಯದರ ಹೆಸರಿನಲ್ಲಿ ಅಚ್ಚು ಹಾಕಿದ್ದೀರಿ. ಬ್ಲೂಯಿಂಗ್ ತೆಗೆದ ಉಕ್ಕಿಗೆ ಈ ಲೇಪನವೇ ಏಕೈಕ ರಕ್ಷಣೆ. ಅದು ಎದ್ದ ಕಡೆ ತೇವ ತಾಗಿದರೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಕಿಲ್ಲ. ನಳಿಗೆಯ ಬಾಯಿಯ ಬಳಿ ಈಗಾಗಲೇ ಹಿಡಿದಿದೆ.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಬೇಗ ಗಟ್ಟಿಯಾಗಲು ಏನು ಮಾಡಬೇಕೆಂದು ಸಹಾಯವಾಣಿಗೆ ಕೇಳಿದಾಗ, 'ಅಡುಗೆಮನೆಯ ಓವನ್‌ನಲ್ಲಿ 200 ಡಿಗ್ರಿಗೆ ಇಡಿ' ಎಂದರು. ಆಹಾರ ಬೇಯಿಸುವ ಓವನ್‌ನಲ್ಲಿ ಇಂಥ ರಾಸಾಯನಿಕ ಲೇಪನವನ್ನು ಎಂದಿಗೂ ಕಾಯಿಸಬಾರದು. ದ್ರಾವಕ ಪೂರ್ತಿ ಆರದ ಭಾಗವನ್ನು ಬಿಸಿ ಓವನ್ನಿಗೆ ಇಟ್ಟರೆ ಅದರ ಆವಿಗೆ ಬೆಂಕಿ ಹತ್ತಬಹುದು. ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ತೊಡಗುತ್ತದೆ. ಗುರಿಕಾಣಿಯನ್ನು ಅಂಥ ಬೆಸುಗೆಯಿಂದ ಕೂರಿಸಿದ ಬಂದೂಕನ್ನು ಈ ಸಲಹೆಯಂತೆ ಕಾಯಿಸಿದರೆ ಗುರಿಕಾಣಿ ಕಳಚಿಕೊಳ್ಳುತ್ತದೆ. ಫೋನಿನಲ್ಲಿ ಮಾತನಾಡಿದ ಸಿಬ್ಬಂದಿಯನ್ನು ನಾನು ದೂರುತ್ತಿಲ್ಲ. ಅವರ ಮುಂದೆ ಸರಿಯಾದ ಮಾಹಿತಿ ಇಡದವರು ನೀವು. ಆವಿ ತಡೆಯುವ ಮುಖವಾಡ ಬೇಕು, ಬರಿಯ ಧೂಳಿನ ಮುಖವಾಡ ಸಾಲದು ಎಂಬ ಎಚ್ಚರಿಕೆಯನ್ನೂ ಡಬ್ಬಿಯ ತಳದಂಚಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಮುದ್ರಿಸಿದ್ದೀರಿ.

ಓವನ್ ಸಲಹೆ ತಪ್ಪೆಂದು ಕೂಡಲೇ ಸಾರ್ವಜನಿಕವಾಗಿ ತಿಳಿಸಿ. ಡಬ್ಬಿಯ ಮೇಲೆ ಕೈಗೆ ಅಂಟದಿರಲು, ಬಿಡಿಭಾಗಗಳನ್ನು ಜೋಡಿಸಲು, ದ್ರಾವಕ ತಾಗಿಸಲು ಬೇಕಾದ ಸಮಯವನ್ನು ಬೇರೆ ಬೇರೆಯಾಗಿ, ಯಾವ ಉಷ್ಣತೆಯಲ್ಲಿ ಎಂಬುದರ ಸಮೇತ ಮುದ್ರಿಸಿ. ನನ್ನ ರೈಫಲ್‌ನ ಲೇಪನ ಕಿತ್ತು, ತುಕ್ಕು ತೆಗೆದು, ಮತ್ತೆ ಹೊಡೆಸುವ ಖರ್ಚನ್ನು ನೀವೇ ಭರಿಸಬೇಕು. ಡಬ್ಬಿಯ ಬ್ಯಾಚ್ ಸಂಖ್ಯೆ, ಖರೀದಿ ರಸೀದಿ, ನಳಿಗೆಯ ಹಾಗೂ ಉಕ್ಕಿನ ತುಂಡಿನ ಚಿತ್ರಗಳನ್ನು ಲಗತ್ತಿಸಿದ್ದೇನೆ. ಉತ್ತರವನ್ನು ಲಿಖಿತವಾಗಿ, ಲೇಪನದ ತಾಂತ್ರಿಕ ವಿಭಾಗದವರ ಸಹಿಯೊಂದಿಗೆ ಕಳುಹಿಸಿ.

ಇಂತಿ,
ನಿಮ್ಮ ಗ್ರಾಹಕ