ಅಕ್ಷರ ಕೊಟ್ಟು ಇಂಗ್ಲಿಷ್ ಪದ ಹುಡುಕುವವರ ಗಮನಕ್ಕೆ

ಸದಸ್ಯರೇ, ಪ್ರಶ್ನೆ ಹಾಕುವಾಗ ಒಂದು ಮಾತು ಸ್ಪಷ್ಟವಾಗಿರಲಿ: ಕೊಟ್ಟ ಅಕ್ಷರಗಳಷ್ಟರಿಂದಲೇ ಪದ ಆಗಬೇಕೋ, ಅಥವಾ ಅವು ಒಳಗಿದ್ದು ಬೇರೆ ಅಕ್ಷರಗಳೂ ಇರಬಹುದೋ? ಗುಂಪಿನಲ್ಲಿ ಅರ್ಧ ಗಲಾಟೆ ಇದರಿಂದಲೇ. ಆ್ಯಪ್‌ಗಳಲ್ಲೂ ಇವೆರಡು ಬೇರೆ ಬೇರೆ ಹುಡುಕಾಟ.

ಕೈಯಲ್ಲೇ ಹುಡುಕುವುದಾದರೆ ಮೊದಲು ಕೊನೆಗೆ ಕೂರುವ ತುಂಡನ್ನು ಪಕ್ಕಕ್ಕಿಡಿ. ಎ, ಇ, ಐ, ಎನ್, ಆರ್, ಎಸ್, ಟಿ ಬಂದಿವೆ ಅನ್ನಿ. ಕೊನೆಗೆ ಎಸ್ ಇಟ್ಟರೆ ರಿಟೇನ್ಸ್, ರೆಟಿನಾಸ್. ಇ-ಆರ್ ಇಟ್ಟರೆ ಉಳಿದದ್ದರಲ್ಲಿ ಸ್ಟೇನ್ ಕಾಣುತ್ತದೆ, ಅಂದರೆ ಸ್ಟೇನರ್. ಐ-ಇ-ಆರ್ ಇಟ್ಟರೆ ನಾಸ್ಟಿಯರ್, ಆಂಟ್ಸಿಯರ್. ಜಿ ಇಲ್ಲದ ಕಾರಣ 'ಇಂಗ್' ಯೋಚನೆಯೇ ಬೇಡ. ಸ್ಕ್ರ್ಯಾಬಲ್‌ನಲ್ಲಿ (ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ) ಏಳೂ ಬಿಲ್ಲೆ ಒಟ್ಟಿಗೆ ಹಾಕಿದರೆ 50 ಅಂಕ ಹೆಚ್ಚುವರಿ, ಹಾಗಾಗಿ ಈ ಏಳು ಅಕ್ಷರಗಳಿಂದಾಗುವ ಪದಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ನಿಜಕ್ಕೂ ಲಾಭ.

ಬಿಲ್ಲೆಗಳು ಬಂದ ಕ್ರಮದಲ್ಲೇ ಇದ್ದರೆ ಕಣ್ಣು ಅದೇ ಜೋಡಿಗಳಿಗೆ ಅಂಟಿಕೊಳ್ಳುತ್ತದೆ. ಆಗಾಗ ಜಾಗ ಬದಲಿಸಿ.

ಉತ್ತರ ಕಳಿಸುವ ಮುನ್ನ ಪದದ ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಬರೆದು, ಕೊಟ್ಟದ್ದನ್ನೂ ಹಾಗೇ ಬರೆದು ತಾಳೆ ನೋಡಿ. ಒಂದೇ ಇ ಕೊಟ್ಟಿದ್ದರೂ ಎರಡು ಸಲ ಬಳಸುವ ತಪ್ಪೇ ಹೆಚ್ಚು. ಇಲ್ಲಿ ಅದು ತಕ್ಷಣ ಸಿಕ್ಕಿಬೀಳುತ್ತದೆ.

ಕ್ಯೂ ಬಂದು ಯು ಇಲ್ಲವೆಂದು ಕೈಬಿಡಬೇಡಿ. ಕ್ಯೂ-ಐ ಸೇರಿದ 'ಚೀ' (ಚೀನೀ ಚಿಂತನೆಯ ಜೀವಶಕ್ತಿ) ಆಟದ ನಿಘಂಟುಗಳಲ್ಲಿ ಒಪ್ಪಿತ ಪದ.