ಕಾಮೆಟ್ ದುರಂತ: ಕಿಟಕಿಯೊಂದೇ ಕಾರಣವಲ್ಲ

ಮಾನ್ಯರೇ,

1954ರಲ್ಲಿ ಬ್ರಿಟನ್‌ನ ಕಾಮೆಟ್ ಪ್ರಯಾಣಿಕ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋಗಲು ಚೌಕ ಕಿಟಕಿಗಳೇ ಕಾರಣವೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಇದು ಅರ್ಧ ಸತ್ಯ. ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ 35 ಜನರೊಂದಿಗೆ ಸಮುದ್ರಕ್ಕೆ ಬಿದ್ದ ವಿಮಾನದಲ್ಲಿ ಬಿರುಕು ಮೂಡಿದ್ದು ಪ್ರಯಾಣಿಕರ ಕಿಟಕಿಯಲ್ಲಲ್ಲ, ಛಾವಣಿಯಲ್ಲಿ ರೇಡಿಯೊ ಆಂಟೆನಾಕ್ಕಾಗಿ ಬಿಟ್ಟಿದ್ದ ತೆರಪಿನ ಮೂಲೆಯ ಬಳಿ. ಬ್ರಿಟನ್‌ನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ತಜ್ಞರು ಮತ್ತೊಂದು ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಹಾರಾಟದಲ್ಲಾಗುವಂತೆ ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಳಿಸಿದಾಗ, ಹಿಂದಿನ ಹಾರಾಟಗಳೂ ಸೇರಿ ಸುಮಾರು 3,000 ಆವರ್ತನಗಳಲ್ಲೇ ಲೋಹ ದಣಿದು ಸೀಳಿತು.

ಹಾಗಾದರೆ ತಯಾರಕರು ಪರೀಕ್ಷೆಯನ್ನೇ ಮಾಡಿರಲಿಲ್ಲವೇ? ಮಾಡಿದ್ದರು, ಅವರ ಮಾದರಿ 16,000 ಆವರ್ತನಗಳಷ್ಟು ತಾಳಿಯೂ ಇತ್ತು. ಆದರೆ ಅದೇ ಮಾದರಿಯನ್ನು ಮೊದಲು ಅತಿಯಾದ ಒತ್ತಡಕ್ಕೆ ಒಡ್ಡಿದ್ದರಿಂದ ಮೂಲೆಗಳ ಲೋಹ ಗಟ್ಟಿಯಾಗಿ, ಫಲಿತಾಂಶವೇ ದಾರಿ ತಪ್ಪಿಸಿತು. ಈ ಸೂಕ್ಷ್ಮ ಕಿಟಕಿಯ ಕಥೆಗಿಂತ ಬಹಳ ಮುಖ್ಯವಾದುದು.

ಇದಕ್ಕಿಂತಲೂ ನೋವಿನ ಸಂಗತಿಯೆಂದರೆ, ಎಲ್ಬಾ ಅಪಘಾತದ ನಿಜವಾದ ಕಾರಣ ತಿಳಿಯುವ ಮೊದಲೇ, ಊಹೆಯ ಮೇಲೆ ಕೆಲವು ಮಾರ್ಪಾಡುಗಳನ್ನು ಮಾಡಿ, ಮಾರ್ಚ್‌ನಲ್ಲಿ ಹಾರಾಟಕ್ಕೆ ಮತ್ತೆ ಅನುಮತಿ ನೀಡಲಾಯಿತು. ಏಪ್ರಿಲ್ 8ರಂದು ನೇಪಲ್ಸ್ ಬಳಿ ಇನ್ನೊಂದು ಕಾಮೆಟ್ ಬಿದ್ದು 21 ಜನ ಸತ್ತರು. ತನಿಖೆ ಮುಗಿಯುವವರೆಗೆ ಕಾದಿದ್ದರೆ ಅವರು ಉಳಿಯುತ್ತಿದ್ದರು.

– ಓದುಗ